ಬಾಡಿದ ಬೆಳೆಯೆಲ್ಲ ಬಾಯಾರಿದ ಬೆಳೆಯಲ್ಲ

ಮಳೆ ಹೋಗಿ ಹದಿನೈದು ದಿನವಾದ ರಾಗಿ ಹೊಲಕ್ಕೆ ಮಧ್ಯಾಹ್ನ ಎರಡು ಗಂಟೆಗೆ ಹೋಗಿ ನೋಡಿದರೆ ಯಾವ ರೈತನಿಗಾದರೂ ಎದೆ ಝಲ್ಲೆನ್ನುತ್ತದೆ. ಗರಿಗಳು ಮಡಚಿಕೊಂಡಿರುತ್ತವೆ, ಹೊಲದ ಬಣ್ಣವೇ ಬೂದುಹಸಿರಿಗೆ ತಿರುಗಿರುತ್ತದೆ. ಅದೇ ಹೊಲವನ್ನು ಮರುದಿನ ಕೋಳಿ ಕೂಗುವ ಹೊತ್ತಿಗೆ ನೋಡಿದರೆ ಗರಿ ಬಿಚ್ಚಿಕೊಂಡು, ಏನೂ ಆಗಿಲ್ಲವೆಂಬಂತೆ ಪೈರು ನಿಂತಿರುತ್ತದೆ. ರಾತ್ರಿ ಮಳೆ ಬಂದಿಲ್ಲ, ಯಾರೂ ನೀರು ಹಾಯಿಸಿಲ್ಲ. ಹಾಗಾದರೆ ನಿನ್ನೆ ಕಂಡದ್ದೇನು, ಇಂದು ಕಾಣುತ್ತಿರುವುದೇನು?

ತರಬೇತಿ ಶಿಬಿರಗಳಲ್ಲಿ, ಕ್ಷೇತ್ರೋತ್ಸವಗಳಲ್ಲಿ ರೈತ ಬಾಂಧವರು ನನ್ನನ್ನು ಅತಿ ಹೆಚ್ಚಾಗಿ ಕೇಳುವ ಪ್ರಶ್ನೆ, "ಬೆಳೆ ಬಾಡಿದೆ, ನೀರು ಕೊಡಬಹುದೇ?" ಎಂಬುದು. ಹೊಲ ನೋಡದೆ ಇದಕ್ಕೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಕೊಡುವವರನ್ನು ನಂಬಬೇಡಿ. ಹಾಗೆ ಉತ್ತರ ಕೊಟ್ಟು ಒಬ್ಬರ ಬೆಳೆಯನ್ನು ಹಾಳು ಮಾಡಿದವರಲ್ಲಿ ನಾನೂ ಒಬ್ಬ. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ. ಗಿಡ ಬಾಡುವುದೆಂದರೆ ಅದರ ಒಳಗೆ ನಡೆಯುವುದೇನು ಎಂಬುದನ್ನು ಮೊದಲು ತಿಳಿಯುವುದು ಒಳ್ಳೆಯದು.

ಒಳಗಿನ ಸಮತೋಲ

ಎತ್ತಿನ ಮೈಯ ಉಷ್ಣತೆ ಸುಮಾರು 38.5 ಡಿಗ್ರಿ ಸೆಲ್ಸಿಯಸ್. ಮಾಗಿಯ ಚಳಿಯಲ್ಲೂ, ಚೈತ್ರದ ಬಿಸಿಲಿನಲ್ಲಿ ನೇಗಿಲು ಎಳೆಯುವಾಗಲೂ ಅದು ಹೆಚ್ಚು ಕಡಿಮೆ ಅಷ್ಟೇ ಇರಬೇಕು. ಹಾಗಿರಿಸಲು ಎತ್ತು ಬೆವರುತ್ತದೆ, ತೇಕುತ್ತದೆ, ಮೇವು ಕಡಿಮೆ ಮಾಡುತ್ತದೆ, ನೆರಳು ಹುಡುಕುತ್ತದೆ. ಎಮ್ಮೆಗೆ ಬೆವರಿನ ಗ್ರಂಥಿಗಳು ಕಡಿಮೆ. ಆದುದರಿಂದಲೇ ಅದು ಕೆರೆಯಂಗಳದ ಕೆಸರಿಗಿಳಿದು ಮಲಗುತ್ತದೆ. ಹೊರಗಿನ ಹವೆ ಹೇಗೇ ಇರಲಿ, ಒಳಗಿನ ಸ್ಥಿತಿಯನ್ನು ಒಂದು ಮಿತಿಯೊಳಗೆ ಹಿಡಿದಿಡುವ ಈ ಶಕ್ತಿಗೆ ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1926ರಲ್ಲಿ ಹೋಮಿಯೋಸ್ಟಾಸಿಸ್ ಎಂದು ಹೆಸರಿಟ್ಟನು. ನಾವು ಅದನ್ನು ಒಳಸಮತೋಲ ಎನ್ನಬಹುದು.

ಗಿಡಕ್ಕೂ ಒಳಸಮತೋಲ ಬೇಕು. ಆದರೆ ಅದಕ್ಕೆ ಕಾಲಿಲ್ಲ. ಬಿಸಿಲು ಹೆಚ್ಚಾಯಿತೆಂದು ಹೊಂಗೆ ಮರದ ನೆರಳಿಗೆ ಹೋಗಲಾರದು, ಬಾಯಾರಿತೆಂದು ಕೆರೆಗೆ ಇಳಿಯಲಾರದು. ಬಿತ್ತಿದ ಜಾಗದಲ್ಲೇ ನಿಂತು, ತನ್ನ ಎಲೆ, ಬೇರುಗಳಿಂದಲೇ ಎಲ್ಲವನ್ನೂ ಸಂಭಾಳಿಸಬೇಕು. ಪ್ರಾಣಿಯಂತೆ ಅದು ಒಂದೇ ಉಷ್ಣತೆಯನ್ನು ಕಾಪಾಡಿಕೊಳ್ಳುವುದಿಲ್ಲ. ಅದು ಮುಖ್ಯವಾಗಿ ಕಾಪಾಡಿಕೊಳ್ಳುವುದು ತನ್ನ ಜೀವಕೋಶಗಳೊಳಗಿನ ನೀರನ್ನು. ಎಳೆಯ ಎಲೆ, ದಂಟುಗಳು ನೆಟ್ಟಗೆ ನಿಲ್ಲುವುದು ಕೋಶಗಳೊಳಗಿನ ನೀರಿನ ಒತ್ತಡದಿಂದ. ಗಾಳಿ ತುಂಬಿದ ಸೈಕಲ್ ಟ್ಯೂಬು ಬಿಗಿಯಾಗಿ ನಿಲ್ಲುವ ಹಾಗೆ. ಒತ್ತಡ ಇಳಿದರೆ ಎಲೆ ಜೋಲುತ್ತದೆ. ಅದೇ ಬಾಡುವಿಕೆ.

ಹಸಿವಿಗೂ ಬಾಯಾರಿಕೆಗೂ ಒಂದೇ ಬಾಗಿಲು

ಎಲೆಯ ಮೇಲೆ ಬರಿಗಣ್ಣಿಗೆ ಕಾಣದ ಸಣ್ಣ ಬಾಯಿಗಳಿವೆ. ಇವು ಪತ್ರರಂಧ್ರಗಳು. ಒಂದು ಚದರ ಮಿಲಿಮೀಟರಿನಲ್ಲಿ, ಅಂದರೆ ಸಾಸಿವೆ ಕಾಳಿಗಿಂತಲೂ ಕಡಿಮೆ ಜಾಗದಲ್ಲಿ, ಸಾಮಾನ್ಯವಾಗಿ ನೂರರಿಂದ ಮುನ್ನೂರರವರೆಗೆ ಇರುತ್ತವೆ. ಅನೇಕ ಗಿಡಮರಗಳಲ್ಲಿ ಎಲೆಯ ತಳಭಾಗದಲ್ಲೇ ಹೆಚ್ಚು. ಜೋಳ, ರಾಗಿಯಂಥ ಹುಲ್ಲಿನ ಜಾತಿಯ ಪೈರುಗಳಲ್ಲಿ ಎರಡು ಕಡೆಯೂ ಉಂಟು. ಇವೆಲ್ಲ ಪೂರ್ತಿ ತೆರೆದರೂ ಎಲೆಯ ವಿಸ್ತೀರ್ಣದಲ್ಲಿ ನೂರಕ್ಕೆ ಒಂದೆರಡು ಪಾಲಿಗಿಂತ ಹೆಚ್ಚಾಗುವುದಿಲ್ಲ. ಆದರೂ ಗಿಡದ ಜೀವನವೆಲ್ಲ ಈ ಕಿಂಡಿಗಳ ಮೂಲಕವೇ ನಡೆಯುತ್ತದೆ.

ಏಕೆಂದರೆ ಗಿಡದ ಆಹಾರದ ಮೂಲವಸ್ತುವಾದ ಅಂಗಾರಾಮ್ಲ ವಾಯು, ಅಂದರೆ ಇಂಗಾಲದ ಡೈಆಕ್ಸೈಡು, ಒಳಗೆ ಬರುವುದು ಈ ಬಾಗಿಲಿನಿಂದ. ಒಳಗಿನ ನೀರು ಆವಿಯಾಗಿ ಹೊರಹೋಗುವುದೂ ಇದೇ ಬಾಗಿಲಿನಿಂದ. ಬಾಗಿಲು ತೆರೆದರೆ ಅನ್ನ ಬರುತ್ತದೆ, ನೀರು ಹೋಗುತ್ತದೆ. ಮುಚ್ಚಿದರೆ ನೀರು ಉಳಿಯುತ್ತದೆ, ಅನ್ನ ನಿಲ್ಲುತ್ತದೆ. ಅನ್ನಕ್ಕೊಂದು, ನೀರಿಗೊಂದು ಎಂದು ಬೇರೆ ಬೇರೆ ಬಾಗಿಲಿದ್ದಿದ್ದರೆ ಒಣ ಬೇಸಾಯದ ಕಷ್ಟ ಅರ್ಧಕ್ಕರ್ಧ ಕಡಿಮೆಯಾಗುತ್ತಿತ್ತು!

ಈ ಬಾಗಿಲಿನಿಂದ ಹೋಗುವ ನೀರು ಅಲ್ಪಸ್ವಲ್ಪವಲ್ಲ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಕುಂಡದಲ್ಲಿ ಬೆಳೆಸಿದ ಒಂದು ಸೂರ್ಯಕಾಂತಿ ಗಿಡವನ್ನು ದಿನವೂ ತೂಗಿ, ಅದು ಹಗಲಿನ ಹನ್ನೆರಡು ಗಂಟೆಯಲ್ಲಿ ಸರಾಸರಿ 20 ಔನ್ಸ್, ಅಂದರೆ ಅರ್ಧ ಕಿಲೋಗ್ರಾಮಿಗಿಂತ ತುಸು ಹೆಚ್ಚು ನೀರನ್ನು ಹೊರಬಿಡುವುದೆಂದು ಕಂಡುಕೊಂಡನು. ಮಣ್ಣಿನಿಂದ ನೇರವಾಗಿ ನೀರು ಆರದಂತೆ ಕುಂಡದ ಬಾಯಿಗೆ ಸೀಸದ ತಗಡು ಮುಚ್ಚಿದ್ದನು. ಈ ಪ್ರಯೋಗದ ವಿವರವನ್ನು 1727ರಲ್ಲಿ ಪ್ರಕಟಿಸಿದನು. ಇದನ್ನೇ ನಾವು ಬಾಷ್ಪವಿಸರ್ಜನೆ ಎನ್ನುತ್ತೇವೆ. ಬೇರು ಹೀರಿದ ನೀರಿನಲ್ಲಿ ನೂರಕ್ಕೆ ತೊಂಬತ್ತೇಳಕ್ಕೂ ಹೆಚ್ಚು ಪಾಲು ಹೀಗೆ ಹಾರಿಹೋಗುತ್ತದೆ. ಗಿಡದ ಮೈಯಲ್ಲಿ ಉಳಿಯುವುದು ತೀರ ಕಡಿಮೆ. ಹೊಲದ ಲೆಕ್ಕದಲ್ಲಿ ಹೇಳುವುದಾದರೆ, ನೆಲ ಮುಚ್ಚುವಂತೆ ಬೆಳೆದ ಪೈರು ಬಿರುಬಿಸಿಲಿನ ದಿನದಲ್ಲಿ ಐದಾರು ಮಿಲಿಮೀಟರ್ ಮಳೆಯಷ್ಟು ನೀರು ಬಳಸಬಲ್ಲದು. ಎಕರೆಗೆ ಅದು ಇಪ್ಪತ್ತು ಸಾವಿರ ಲೀಟರಿಗೂ ಮೇಲಾಯಿತು, ಒಂದೇ ದಿನಕ್ಕೆ.

ಇದು ದುಂದುವೆಚ್ಚವೆಂದು ತಿಳಿಯಬಾರದು. ಅನ್ನಕ್ಕಾಗಿ ತೆರುವ ಬೆಲೆ ಅದು. ಜೊತೆಗೆ ಎಲೆ ತಣ್ಣಗಿರುವುದೂ ಅದರಿಂದಲೇ. ಒಂದು ಲೀಟರ್ ನೀರು ಆವಿಯಾಗಲು ಬೇಕಾಗುವ ಶಾಖದಿಂದ ಏಳು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಅಷ್ಟು ಶಾಖವನ್ನು ಎಲೆ ಹೊರದೂಡುತ್ತದೆ. ನಡುಹಗಲಲ್ಲಿ ನೀರುಂಡ ಹುರುಳಿಕಾಯಿ ಗಿಡದ ಎಲೆಯನ್ನು ಕೆನ್ನೆಗೆ ತಾಗಿಸಿ ನೋಡಿ, ತಂಪಾಗಿರುತ್ತದೆ. ಬಾಡಿದ ಗಿಡದ ಎಲೆ ಬೆಚ್ಚಗಿರುತ್ತದೆ. ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂದು ತಿಳಿಯಲು ಇಷ್ಟು ಅಗ್ಗದ ಉಪಕರಣ ಬೇರೊಂದಿಲ್ಲ.

ಬಾಗಿಲು ಕಾಯುವವರು

ಪ್ರತಿಯೊಂದು ಪತ್ರರಂಧ್ರದ ಎರಡು ಪಕ್ಕದಲ್ಲಿ ಒಂದೊಂದು ಕಾವಲು ಕೋಶ ಇರುತ್ತದೆ. ಅವರೆ ಜಾತಿಯಲ್ಲಿ ಇವು ಬೀಜದ ಆಕಾರದವು, ಹುಲ್ಲಿನ ಜಾತಿಯಲ್ಲಿ ಎರಡು ತುದಿ ದಪ್ಪ, ನಡು ಸಣ್ಣ. ಬೆಳಕು ಬಿದ್ದಾಗ ಈ ಕೋಶಗಳು ಅಕ್ಕಪಕ್ಕದಿಂದ ಪೊಟ್ಯಾಷನ್ನು ಒಳಗೆ ಸೆಳೆದುಕೊಳ್ಳುತ್ತವೆ. ಉಪ್ಪಿದ್ದ ಕಡೆ ನೀರು ಹರಿಯುವ ಹಾಗೆ, ಪೊಟ್ಯಾಷಿನ ಹಿಂದೆಯೇ ನೀರೂ ಬರುತ್ತದೆ. ಕೋಶಗಳು ಉಬ್ಬಿ, ಬಾಗಿ, ನಡುವಿನ ಕಿಂಡಿ ತೆರೆಯುತ್ತದೆ. ಪೊಟ್ಯಾಷ್ ಹೊರಗೆ ಹೋದರೆ ನೀರೂ ಹೋಗುತ್ತದೆ. ಕೋಶ ಸಡಿಲವಾಗಿ ಕಿಂಡಿ ಮುಚ್ಚುತ್ತದೆ. ಪೊಟ್ಯಾಷ್ ಕೊರತೆಯಿರುವ ಬೆಳೆ ಬರಗಾಲದಲ್ಲಿ ಬೇಗ ಸೋಲುವುದಕ್ಕೆ ಒಂದು ಕಾರಣ ಇದೇ: ಅದರ ಬಾಗಿಲುಗಳು ಹೊತ್ತಿಗೆ ಸರಿಯಾಗಿ ತೆರೆಯುವುದೂ ಇಲ್ಲ, ಮುಚ್ಚುವುದೂ ಇಲ್ಲ. ಯೂರಿಯಾ ಹಾಕುವುದನ್ನು ಯಾರೂ ಮರೆಯುವುದಿಲ್ಲ; ಪೊಟ್ಯಾಷ್ ಎಂದರೆ ಬಹಳ ಮಂದಿ "ಮುಂದಿನ ವರ್ಷ ನೋಡೋಣ" ಎನ್ನುತ್ತಾರೆ.

ಮುಚ್ಚಬೇಕೆಂದು ಕಾವಲು ಕೋಶಗಳಿಗೆ ಹೇಳುವವರು ಯಾರು? ಎಲೆಯಲ್ಲಿ ನೀರು ಕಡಿಮೆಯಾದಾಗ ಅದು ತಾನಾಗಿ ಮುಚ್ಚುತ್ತದೆ ಎಂದಷ್ಟೇ ಮೊದಲು ತಿಳಿದಿತ್ತು. ವಿಷಯ ಅದಕ್ಕಿಂತ ಸೂಕ್ಷ್ಮವಾದುದು. 1960ರ ದಶಕದಲ್ಲಿ ಅಬ್ಸಿಸಿಕ್ ಆಮ್ಲ ಎಂಬ ಸಸ್ಯಚೋದಕವನ್ನು ಕಂಡುಹಿಡಿದರು. ನೀರಿನ ಕೊರತೆ ತಟ್ಟಿದಾಗ ಗಿಡದಲ್ಲಿ ಇದರ ಪ್ರಮಾಣ ಏರುತ್ತದೆ. ಕಾವಲು ಕೋಶಕ್ಕೆ ಇದು ತಾಗಿದೊಡನೆ ಬಾಗಿಲು ಮುಚ್ಚಿಕೊಳ್ಳುತ್ತದೆ. 1980ರ ದಶಕದಲ್ಲಿ ಮುಸುಕಿನ ಜೋಳದ ಮೇಲೆ ಒಂದು ಸ್ವಾರಸ್ಯದ ಪ್ರಯೋಗ ನಡೆಯಿತು. ಒಂದೇ ಗಿಡದ ಬೇರನ್ನು ಎರಡು ಭಾಗ ಮಾಡಿ ಎರಡು ಕುಂಡದಲ್ಲಿ ಬೆಳೆಸಿ, ಒಂದಕ್ಕೆ ನೀರು ಕೊಟ್ಟು ಇನ್ನೊಂದನ್ನು ಒಣಗಲು ಬಿಟ್ಟರು. ಎಲೆಗೆ ನೀರಿನ ಕೊರತೆಯೇ ಆಗಲಿಲ್ಲ. ಒಂದು ಕುಂಡದಿಂದಲೇ ಸಾಕಷ್ಟು ಬರುತ್ತಿತ್ತು. ಆದರೂ ಬಾಗಿಲುಗಳು ಅರೆಮುಚ್ಚಿದವು. ಒಣಗಿದ ಕಡೆಯ ಬೇರು ಮೇಲಕ್ಕೆ ಸುದ್ದಿ ಕಳಿಸಿತ್ತು. ನೀರು ಖಾಲಿಯಾಗುವ ಮೊದಲೇ, ಮುಂದೆ ಬರಲಿರುವ ಕಷ್ಟಕ್ಕೆ ಗಿಡ ಖರ್ಚು ಕಡಿಮೆ ಮಾಡಿತು. ಸಾಸಿವೆ ಕುಟುಂಬಕ್ಕೆ ಸೇರಿದ ಒಂದು ಪುಟ್ಟ ಪ್ರಯೋಗಸಸ್ಯದಲ್ಲಿ ಬೇರಿನಿಂದ ಎಲೆಗೆ ಈ ಸುದ್ದಿಯನ್ನು ಒಯ್ಯುವ ಒಂದು ಚಿಕ್ಕ ಪ್ರೋಟೀನಿನ ತುಣುಕನ್ನು ಜಪಾನಿನ ವಿಜ್ಞಾನಿಗಳು 2018ರಲ್ಲಿ ಗುರುತಿಸಿದರು. ಅದು ಎಲೆಗೆ ಮುಟ್ಟಿದ ಮೇಲೆ ಅಲ್ಲಿ ಅಬ್ಸಿಸಿಕ್ ಆಮ್ಲ ತಯಾರಾಗುತ್ತದೆ.

ಗಾಳಿಯೂ ಸುದ್ದಿ ಹೇಳುತ್ತದೆ. ಒಣಗಾಳಿ ಜೋರಾಗಿ ಬೀಸುವ ಮಧ್ಯಾಹ್ನ, ಮಣ್ಣಿನಲ್ಲಿ ತೇವ ಚೆನ್ನಾಗಿದ್ದರೂ ಎಲೆಯಿಂದ ಹೋಗುವ ನೀರಿನಷ್ಟು ವೇಗವಾಗಿ ಬೇರು ನೀರೆತ್ತಲಾರದು. ಆಗ ಸೂರ್ಯಕಾಂತಿ, ಕುಂಬಳ, ಸೌತೆಯಂಥ ಅಗಲ ಎಲೆಯ ಗಿಡಗಳು ಒಂದೆರಡು ಗಂಟೆ ತಲೆ ಬಾಗಿಸುತ್ತವೆ. ನೀರು ಹಾಯಿಸಿದ ಮರುದಿನವೇ ಹೀಗಾದುದನ್ನು ಕಂಡು ಗಾಬರಿಯಾಗಿ ಮತ್ತೆ ಪಂಪು ಹಾಕಿದವರನ್ನು ನಾನು ಬಲ್ಲೆ. ಆ ನೀರು ಸುಮ್ಮನೆ ಹೋಯಿತು.

ಒಂದೊಂದು ಬೆಳೆಗೆ ಒಂದೊಂದು ಉಪಾಯ

ಬಾಗಿಲು ಮುಚ್ಚುವುದು ಮೊದಲ ಹೆಜ್ಜೆಯೇನೂ ಅಲ್ಲ. ಅದಕ್ಕೂ ಮುಂಚೆ ಹೊಸ ಎಲೆ ಬೆಳೆಯುವುದು ನಿಧಾನವಾಗುತ್ತದೆ. ಬೇರು ಮಾತ್ರ ತೇವ ಹುಡುಕಿಕೊಂಡು ಕೆಳಗಿಳಿಯುತ್ತಲೇ ಇರುತ್ತದೆ. ಮನೆಯಲ್ಲಿ ಕಷ್ಟ ಬಂದಾಗ ಹಬ್ಬದ ಖರ್ಚು ನಿಲ್ಲಿಸಿ ಬಾವಿ ತೋಡಲು ಹಣ ಹಾಕುವ ಹಾಗೆ. ಇದರೊಡನೆ ಕೋಶಗಳು ಸಕ್ಕರೆ, ಪೊಟ್ಯಾಷ್ ಮತ್ತು ಪ್ರೋಲಿನ್ ಎಂಬ ವಸ್ತುಗಳನ್ನು ಒಳಗೆ ಕೂಡಿಟ್ಟು, ಒಣಗುತ್ತಿರುವ ಮಣ್ಣಿನಿಂದಲೂ ನೀರನ್ನು ಸೆಳೆಯುವ ಬಲ ಪಡೆಯುತ್ತವೆ.

ಜೋಳದ ಗರಿಯ ಮೇಲ್ಭಾಗದಲ್ಲಿ ದೊಡ್ಡ ನೀರ್ಗುಳ್ಳೆಯಂಥ ಕೋಶಗಳ ಸಾಲುಗಳಿವೆ. ಅವು ಮುದುಡಿದಾಗ ಗರಿ ಸುರುಳಿಯಾಗಿ ಬಿಸಿಲು ಬೀಳುವ ಮೈ ಕಡಿಮೆಯಾಗುತ್ತದೆ. ದಂಟಿಗೂ ಗರಿಗೂ ಬೂದಿ ಬಳಿದಂತೆ ಮೇಣದ ಲೇಪ ಇರುವುದರಿಂದ ಬಾಗಿಲು ಮುಚ್ಚಿದ ಮೇಲೆ ನೀರು ಸೋರುವುದಿಲ್ಲ. ಹೀಗೆ ಜೋಳ ಹಲವು ದಿನ ತಪಸ್ಸಿಗೆ ಕುಳಿತಂತೆ ಬೆಳವಣಿಗೆ ನಿಲ್ಲಿಸಿ, ಮಳೆ ಬಂದಾಗ ಮತ್ತೆ ಹೊರಡಬಲ್ಲದು. ಅಲಸಂದೆ, ಸೋಯಾ ಅವರೆಗಳು ಸುರುಳಿ ಸುತ್ತಲಾರವು. ಅವು ಎಲೆಯನ್ನು ತಿರುಗಿಸಿ ಸೂರ್ಯನಿಗೆ ಅಂಚು ತೋರಿಸುತ್ತವೆ. ಎಲೆತೊಟ್ಟಿನ ಬುಡದಲ್ಲಿರುವ ಉಬ್ಬು ಈ ಕೆಲಸ ಮಾಡುತ್ತದೆ. ಮುಟ್ಟಿದರೆ ಮುನಿ ಗಿಡ ಎಲೆ ಮಡಚುವುದೂ ಇದೇ ಬಗೆಯ ಉಬ್ಬಿನಿಂದ, ಇದೇ ಪೊಟ್ಯಾಷ್ ಮತ್ತು ನೀರಿನ ಆಟದಿಂದ. ಜಗದೀಶಚಂದ್ರ ಬೋಸರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸೂಕ್ಷ್ಮ ಉಪಕರಣಗಳನ್ನು ತಾವೇ ಕಟ್ಟಿ ಅಳೆದು ತೋರಿಸಿದ ಸಸ್ಯಗಳಲ್ಲಿ ಈ ಮುಟ್ಟಿದರೆ ಮುನಿಯೂ ಒಂದು.

ಬದುವಿನ ಮೇಲಿನ ಕತ್ತಾಳೆಯ ಉಪಾಯ ಎಲ್ಲಕ್ಕಿಂತ ಜಾಣತನದ್ದು. ಅದು ಹಗಲೆಲ್ಲ ಬಾಗಿಲು ಮುಚ್ಚಿ, ತಂಪಾದ ರಾತ್ರಿಯಲ್ಲಿ ತೆರೆದು ವಾಯುವನ್ನು ಹುಳಿಯ ರೂಪದಲ್ಲಿ ಕೂಡಿಟ್ಟು, ಮರುದಿನ ಬೆಳಕು ಬಂದಾಗ ಅಡಿಗೆ ಮಾಡುತ್ತದೆ. ಅನಾನಸ್ಸೂ ಹಾಗೆಯೇ. ಆದರೆ ಈ ವ್ಯಾಪಾರ ಬಲು ನಿಧಾನದ್ದು. ಕತ್ತಾಳೆಯ ಗತಿಯಲ್ಲಿ ರಾಗಿ ಬೆಳೆದರೆ ನಮ್ಮ ಕಣಜ ತುಂಬದು.

ರಾಗಿ, ಜೋಳ, ಸಜ್ಜೆ, ನವಣೆ, ಮುಸುಕಿನ ಜೋಳ, ಕಬ್ಬು ಇವುಗಳದು ನಡುವಣ ದಾರಿ. ಇವುಗಳ ಗರಿಯೊಳಗೆ ಅಂಗಾರಾಮ್ಲ ವಾಯುವನ್ನು ಒತ್ತಿ ತುಂಬುವ ಒಂದು ವ್ಯವಸ್ಥೆಯಿದೆ. ಆದುದರಿಂದ ಬಾಗಿಲನ್ನು ಅರ್ಧ ತೆರೆದರೂ ಬೇಕಾದಷ್ಟು ಅನ್ನ ಸಿಗುತ್ತದೆ. ಅಮೆರಿಕದ ಕೊಲೊರಾಡೊದಲ್ಲಿ ಬ್ರಿಗ್ಸ್ ಮತ್ತು ಶಾಂಟ್ಸ್ ಎಂಬುವರು 1910ರ ದಶಕದಲ್ಲಿ ಕುಂಡಗಳಲ್ಲಿ ಬೆಳೆ ಬೆಳೆಸಿ ತೂಗಿ ನೋಡಿದಾಗ, ಒಂದು ಕಿಲೋ ಒಣ ಪದಾರ್ಥ ತಯಾರಾಗಲು ಜೋಳಕ್ಕೆ ಸುಮಾರು 320 ಕಿಲೋ, ಗೋಧಿಗೆ ಸುಮಾರು 510 ಕಿಲೋ, ಕುದುರೆಮಸಾಲೆ ಮೇವಿಗೆ 830 ಕಿಲೋದಷ್ಟು ನೀರು ಬೇಕಾಯಿತು. ಹವೆ ಬದಲಾದರೆ ಅಂಕಿಗಳು ಬದಲಾಗುತ್ತವೆ. ಆದರೆ ಬೆಳೆಗಳ ನಡುವಣ ಅಂತರ ಉಳಿಯುತ್ತದೆ. ನಮ್ಮ ಹಿರಿಯರು ಬಯಲು ಸೀಮೆಗೆ ರಾಗಿ, ಜೋಳವನ್ನು ಆರಿಸಿಕೊಂಡದ್ದು ಕುಂಡ ತೂಗಿ ಅಲ್ಲ, ಬರಗಾಲ ಉಂಡು.

ಈ ಗುಂಪಿನಲ್ಲೇ ಇದ್ದರೂ ಮುಸುಕಿನ ಜೋಳದ ವಿಷಯದಲ್ಲಿ ಎಚ್ಚರ ಬೇಕು. ಅದು ಹೂ ಬಿಡುವ ಹೊತ್ತಿಗೆ ನೀರಿನ ಕೊರತೆಯಾದರೆ ಮೇಲಿನ ಗಂಡು ಹೂ ತನ್ನ ಹೊತ್ತಿಗೆ ಪರಾಗ ಉದುರಿಸಿಬಿಡುತ್ತದೆ. ಕೆಳಗೆ ರೇಷ್ಮೆಯಂಥ ಕೂದಲು ಮಾತ್ರ ತಡವಾಗಿ ಹೊರಬರುತ್ತದೆ. ಮದುವೆ ಮುಹೂರ್ತ ತಪ್ಪಿದಂತೆ. ಕಾಳು ಕಟ್ಟದ ತೆನೆಗಳೇ ಕೈಗೆ ಸಿಗುತ್ತವೆ. ಆಮೇಲೆ ಎಷ್ಟು ಮಳೆ ಬಂದರೂ ಸೊಪ್ಪೆಗೆ ಲಾಭ, ಕಣಕ್ಕೆ ಇಲ್ಲ.

ನನ್ನ ತಪ್ಪು

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಆಗತಾನೆ ಸ್ನಾತಕೋತ್ತರ ಪದವಿ ಮುಗಿಸಿ, ವಿದ್ಯಾರ್ಥಿಗಳ ಹಳ್ಳಿ ತರಬೇತಿಗೆ ಸಹಾಯಕನಾಗಿ ತುಮಕೂರು ಜಿಲ್ಲೆಯ ಒಂದು ಊರಿಗೆ ಹೋಗಿದ್ದೆ. ಅಲ್ಲಿಯ ಹಿರಿಯ ರೈತರೊಬ್ಬರು ಸಾಲ ಮಾಡಿ ಕೊಳವೆಬಾವಿ ತೆಗೆಸಿ, ಮುಕ್ಕಾಲು ಎಕರೆಗೆ ಮೆಣಸಿನ ಗಿಡ ಹಾಕಿದ್ದರು. ಹೂ ಕಚ್ಚುತ್ತಿದ್ದ ಸಮಯ. ಗಿಡಗಳು ಜೋತುಬಿದ್ದಿದ್ದವು. ನಾನು ಸಾಲಿನ ತುದಿಯಲ್ಲಿ ನಿಂತು ನೋಡಿದೆ, ಮೇಲ್ಮಣ್ಣು ಒಣಗಿತ್ತು. "ಯಜಮಾನ್ರೇ, ನೀರು ಸಾಲ್ತಾ ಇಲ್ಲ. ದಿನ ಬಿಟ್ಟು ದಿನ ಕೊಡಿ" ಎಂದೆ. ಅವರು ವಾರಕ್ಕೆರಡು ಸಲ ಕೊಡುತ್ತಿದ್ದರು. ನನ್ನ ಮಾತು ಕೇಳಿ ಹಾಗೆಯೇ ಮಾಡಿದರು.

ಹತ್ತು ದಿನ ಕಳೆದು ಹೋದಾಗ ಎಲೆ ಹಳದಿಯಾಗಿ ಉದುರುತ್ತಿತ್ತು. ಮನೆಯ ಅಜ್ಜಿ ಒಂದು ಗಿಡವನ್ನು ಕಿತ್ತು ನನ್ನ ಕೈಗೆ ಕೊಟ್ಟು, "ಬುಡ ಬಗೆದು ನೋಡಿದ್ರಾ ಸ್ವಾಮಿ?" ಎಂದರು. ಬೇರು ಕಪ್ಪಾಗಿ ಕೊಳೆತ ವಾಸನೆ ಬರುತ್ತಿತ್ತು. ಒಂದು ಅಡಿ ಆಳದಲ್ಲಿ ಜೇಡಿನ ಪದರ ಇತ್ತು. ನೀರು ಅದರ ಮೇಲೆ ನಿಂತುಬಿಟ್ಟಿತ್ತು. ಮೇಲ್ಮಣ್ಣು ಒಣಗಿದ್ದುದನ್ನು ನೋಡಿ ನಾನು ಮೋಸ ಹೋಗಿದ್ದೆ. ಆ ಮನೆಯವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಅಲ್ಲಿ ಆದದ್ದು ಇಷ್ಟು. ಬೇರಿಗೂ ಉಸಿರು ಬೇಕು. ಮಣ್ಣಿನ ಸಂದಿಗಳಲ್ಲೆಲ್ಲ ನೀರು ತುಂಬಿದರೆ ಗಾಳಿಗೆ ಜಾಗವಿಲ್ಲ. ಉಸಿರು ಕಟ್ಟಿದ ಬೇರು ನೀರನ್ನು ಒಳಗೆ ಬಿಡುವುದನ್ನೇ ಕಡಿಮೆ ಮಾಡುತ್ತದೆ. ಸುತ್ತ ನೀರಿದ್ದೂ ಎಲೆಗೆ ನೀರಿಲ್ಲ. ಬಾಗಿಲು ಮುಚ್ಚುತ್ತದೆ, ಗಿಡ ಜೋಲುತ್ತದೆ. ಕೊಳೆರೋಗದ ಶಿಲೀಂಧ್ರಕ್ಕೆ ಅದು ಸುಗ್ಗಿ. ಭತ್ತದ ಬೇರಿನಲ್ಲಿ ಎಲೆಯಿಂದ ಗಾಳಿ ಇಳಿಯುವ ಕೊಳವೆಯಂಥ ಸಂದಿಗಳಿರುವುದರಿಂದ ಅದು ನಿಂತ ನೀರಿನಲ್ಲಿ ಬದುಕುತ್ತದೆ. ಮೆಣಸಿನಕಾಯಿ, ಟೊಮೇಟೊ, ತೊಗರಿ, ಶುಂಠಿಗಳಿಗೆ ಆ ಅನುಕೂಲವಿಲ್ಲ. ಬಾಯಾರಿಕೆಯಿಂದ ಬಾಡಿದ ಗಿಡ, ಉಸಿರು ಕಟ್ಟಿ ಬಾಡಿದ ಗಿಡ, ದೂರದಿಂದ ನೋಡಲು ಒಂದೇ. ಒಂದಕ್ಕೆ ನೀರೇ ಔಷಧ, ಇನ್ನೊಂದಕ್ಕೆ ನೀರೇ ವಿಷ.

ನೀರು ಕೊಡುವ ಮೊದಲು

ಆದುದರಿಂದ ಬಾಡಿದ ಹೊಲವನ್ನು ಮಧ್ಯಾಹ್ನ ನೋಡಿ ತೀರ್ಮಾನ ಮಾಡಬಾರದು. ಬೆಳಗ್ಗೆ ಸೂರ್ಯ ಹುಟ್ಟುವ ಮೊದಲು ಹೋಗಿ ನೋಡಬೇಕು. ರಾತ್ರಿಯೆಲ್ಲ ಬಾಗಿಲು ಮುಚ್ಚಿರುವುದರಿಂದ ಖರ್ಚು ಇರುವುದಿಲ್ಲ, ಬೇರು ಮಾತ್ರ ನೀರೆತ್ತುತ್ತಿರುತ್ತದೆ. ಬೆಳಗಿನ ಜಾವಕ್ಕೆ ಗಿಡದ ನೀರೂ ಬೇರಿನ ಸುತ್ತಲ ಮಣ್ಣಿನ ನೀರೂ ಹೆಚ್ಚು ಕಡಿಮೆ ಸರಿಸಮ ಬಂದಿರುತ್ತವೆ. ಆಗ ಗರಿ ಬಿಚ್ಚಿಕೊಂಡು ನಿಂತಿದ್ದರೆ ಮಣ್ಣಿನಲ್ಲಿ ಇನ್ನೂ ನೀರಿದೆ ಎಂದು ತಿಳಿಯಬಹುದು. ಮಧ್ಯಾಹ್ನ ಒಂದು ಗಂಟೆಗೆ ಸುತ್ತಿಕೊಳ್ಳುತ್ತಿದ್ದ ಗರಿ ಬೆಳಗ್ಗೆ ಹತ್ತಕ್ಕೇ ಸುತ್ತತೊಡಗಿದರೆ ದಿನಗಳು ಎಣಿಕೆಯಾಗುತ್ತಿವೆ ಎಂದರ್ಥ. ಬೆಳಗಿನ ಜಾವದಲ್ಲೂ ಬಿಚ್ಚದಿದ್ದರೆ ಅದು ನಿಜವಾದ ಸಂಕಟ.

ಎರಡನೆಯದು, ಬುಡ ಬಗೆಯುವುದು. ಗೇಣುದ್ದ, ಒಂದಡಿ ಆಳದ ಮಣ್ಣನ್ನು ಹಿಡಿದು ನೋಡಬೇಕು. ಕೆಂಪು ಮರಳುಮಿಶ್ರಿತ ಮಣ್ಣಾದರೆ ಕೈಯ ಅಂದಾಜು ಬಹುಮಟ್ಟಿಗೆ ಸರಿ. ಎರೆಮಣ್ಣಿನಲ್ಲಿ ಹಾಗಲ್ಲ. ಜೇಡಿನ ಕಣಗಳು ನೀರನ್ನು ಬಿಗಿಯಾಗಿ ಹಿಡಿದಿರುವುದರಿಂದ, ಕೈಗೆ ತಂಪು ತಾಗುವಾಗಲೂ ಬೇರಿಗೆ ಸಿಗುವಂಥ ನೀರು ಮುಗಿದಿರಬಹುದು. ಚೌಳು ಭೂಮಿಯಲ್ಲೂ ಇದೇ ಕಥೆ. ಅಲ್ಲಿ ಉಪ್ಪು ನೀರನ್ನು ಹಿಡಿದಿರುತ್ತದೆ.

ಬುಡದ ಮಣ್ಣು ಹದವಾಗಿದ್ದು, ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಟೊಮೇಟೊ ಅಥವಾ ಬದನೆ ಗಿಡ ಹಸಿರಾಗಿದ್ದಂತೆಯೇ ಸೊರಗಿದ್ದರೆ ರೋಗದ ಅನುಮಾನ ಬರಬೇಕು. ಕಾಂಡವನ್ನು ಬುಡದ ಹತ್ತಿರ ಕೊಯ್ದು, ತಿಳಿನೀರಿನ ಗಾಜಿನ ಲೋಟದಲ್ಲಿ ಕೊಯ್ದ ತುದಿ ಮುಳುಗುವಂತೆ ಅಲುಗಾಡದೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಎಳೆ ಇಳಿಯತೊಡಗಿದರೆ ಅದು ದುಂಡಾಣು ಸೊರಗು ರೋಗ. ದುಂಡಾಣುಗಳು ನೀರಿನ ಕೊಳವೆಗಳನ್ನೇ ಕಟ್ಟಿಹಾಕಿರುತ್ತವೆ. ಅಂಥ ಹೊಲದಲ್ಲಿ ಸಾಲಿನಿಂದ ಸಾಲಿಗೆ ನೀರು ಹಾಯಿಸಿದರೆ ರೋಗವನ್ನು ನಾವೇ ಹೊತ್ತು ಹಂಚಿದಂತಾಗುತ್ತದೆ.

ಇರುವ ನೀರು ಒಂದೇ ಸಲಕ್ಕೆ ಸಾಕಾಗುವಷ್ಟಿದ್ದರೆ, ಅದನ್ನು ಗಿಡ ತನ್ನ ಉಪಾಯದಿಂದ ಪಾರಾಗಲಾರದ ಹಂತಕ್ಕೆ ಮೀಸಲಿಡಬೇಕು. ಮುಸುಕಿನ ಜೋಳಕ್ಕೆ ಹೂ ಬಿಟ್ಟು ಕೂದಲು ಹೊರಡುವ ಕಾಲ. ರಾಗಿಗೆ ತೆನೆ ಹೊರಡುವ ಮತ್ತು ಹೂವಿನ ಕಾಲ. ನೆಲಗಡಲೆಗೆ ಊಡುಗಳು ಮಣ್ಣಿಗಿಳಿದು ಕಾಯಿ ಕಟ್ಟುವ ಕಾಲ. ಎಳೆಯ ಪೈರಿನ ಬಾಡುವಿಕೆಗೆ ಅಷ್ಟು ಹೆದರಬೇಕಾಗಿಲ್ಲ. ಬೇಸಿಗೆ ನೆಲಗಡಲೆಯಲ್ಲಂತೂ ಪೈರು ಚೆನ್ನಾಗಿ ನೆಲೆಯೂರಿದ ಮೇಲೆ, ಹೂ ಬಿಡುವ ಮೊದಲು ಕೆಲವು ದಿನ ನೀರು ತಡೆದು ನಂತರ ಕೊಟ್ಟರೆ ಬೇರು ಆಳಕ್ಕಿಳಿದು, ಹೂಗಳು ಹೆಚ್ಚು ಕಡಿಮೆ ಒಟ್ಟಿಗೆ ಬಂದು ಇಳುವರಿ ಹೆಚ್ಚಿದ್ದನ್ನು ಪ್ರಯೋಗಗಳು ತೋರಿಸಿವೆ. ಅತಿ ಮುದ್ದು ಮಾಡಿದ ಗಿಡದ ಬೇರು ಮೇಲೆಯೇ ಹರಡಿರುತ್ತದೆ.

ರಾಗಿ ಬೀಜಕ್ಕೆ ಬಿತ್ತುವ ಮುಂಚೆಯೇ ಕಷ್ಟದ ಪರಿಚಯ ಮಾಡಿಕೊಡುವ ಕ್ರಮವೂ ಇದೆ. ಕಿಲೋ ಬೀಜಕ್ಕೆ ಒಂದು ಲೀಟರ್ ನೀರಿನಂತೆ ಆರು ಗಂಟೆ ನೆನೆಸಿ, ಬಸಿದು, ಒದ್ದೆ ಬಟ್ಟೆಯಲ್ಲಿ ಎರಡು ದಿನ ಕಟ್ಟಿಟ್ಟು, ಮೊಳಕೆಯ ಸೂಚನೆ ಕಂಡೊಡನೆ ಬಿಚ್ಚಿ ನೆರಳಿನಲ್ಲಿ ಎರಡು ದಿನ ಒಣಗಿಸಿ ಬಿತ್ತುವುದು. ಇದಕ್ಕೆ ಖರ್ಚಿಲ್ಲ. ಮೊಳಕೆ ಉದ್ದ ಬರುವವರೆಗೆ ಬಿಟ್ಟರೆ ಮಾತ್ರ ಬೀಜ ಕೆಟ್ಟಿತು. ಹಾವೇರಿ ಸೀಮೆಯ ಗುಳಿ ರಾಗಿಯವರು ಎಳೆಯ ಪೈರಿನ ಮೇಲೆ ಕೊರಡು ಎಳೆದು ಅದನ್ನು ಬಗ್ಗಿಸುವುದನ್ನು ಮೊದಲ ಬಾರಿ ನೋಡಿದಾಗ ನನಗೆ ಅಯ್ಯೋ ಎನಿಸಿತ್ತು. ಹಾಗೆ ಬಗ್ಗಿದ ಪೈರು ತೆಂಡೆ ಹೆಚ್ಚು ಒಡೆಯುತ್ತದೆ. ಪೆಟ್ಟಿಗೂ ಗಿಡದ ಬಳಿ ಉತ್ತರವಿದೆ.

ಮಳೆ ತಡವಾದ ಹೊಲದಲ್ಲಿ ಬೇರೇನು ಮಾಡಬಹುದು? ಎಡೆಕುಂಟೆ ಹೊಡೆದು ಮೇಲ್ಮಣ್ಣು ಸಡಿಲಿಸಿ, ಎರೆಭೂಮಿಯ ಬಿರುಕು ಮುಚ್ಚುವುದು. ಕಳೆ ತೆಗೆಯುವುದು, ಏಕೆಂದರೆ ಕಳೆಗೂ ಬಾಗಿಲುಗಳಿವೆ, ಅವೂ ನಮ್ಮ ನೀರನ್ನೇ ಹಾರಿಸುತ್ತವೆ. ಒತ್ತಾದ ಕಡೆ ಪೈರು ತೆಳುಗೊಳಿಸುವುದು. ಸಾಲುಗಳ ನಡುವೆ ಒಣ ಎಲೆ, ಕಸಕಡ್ಡಿ ಹಾಸುವುದು. ಮೇಲುಗೊಬ್ಬರದ ಯೂರಿಯಾವನ್ನು ಮಳೆ ಬರುವವರೆಗೆ ತಡೆಹಿಡಿಯಬೇಕು. ಎಲೆ ಕಡಿಮೆ ಮಾಡಿಕೊಂಡು ಬದುಕಲು ನೋಡುತ್ತಿರುವ ಗಿಡಕ್ಕೆ ಎಲೆ ಬೆಳೆಸು ಎಂದು ಒತ್ತಾಯ ಮಾಡುವುದು ಸರಿಯಲ್ಲ. ಬಾಷ್ಪವಿಸರ್ಜನೆ ತಡೆಯುವ ಸಿಂಪರಣೆಗಳನ್ನು ಕುರಿತು ಅನೇಕರು ಕೇಳುತ್ತಾರೆ. ಬಾಗಿಲು ಮುಚ್ಚಿಸುವ ಔಷಧ ಯಾವುದೇ ಆಗಲಿ, ಅನ್ನವನ್ನೂ ನಿಲ್ಲಿಸುತ್ತದೆ ಎಂಬುದನ್ನು ಮರೆಯಬಾರದು. ನರ್ಸರಿಯಿಂದ ತಂದು ನಾಟಿ ಮಾಡಿದ ಬೆಲೆಬಾಳುವ ಸಸಿಗೆ ಕೆಲವು ದಿನದ ಮಟ್ಟಿಗೆ ಉಪಯೋಗವಾದೀತು. ಎಕರೆಗಟ್ಟಲೆ ರಾಗಿಗೆ ಹಣ ಹಾಕುವಂಥದಲ್ಲವೆಂದು ನನ್ನ ಅಭಿಪ್ರಾಯ.

ವಿಸ್ತರಣಾ ಕಾರ್ಯಕರ್ತರು ಊರಿನಲ್ಲಿ ಈ ವಿಷಯ ತೋರಿಸಲು ದೊಡ್ಡ ಸಲಕರಣೆ ಬೇಕಾಗಿಲ್ಲ. ಬೆಳಗ್ಗೆ ಹತ್ತು ಗಂಟೆಗೆ ನೀರುಂಡ ಹೊಲದ ಒಂದು ಗಿಡಕ್ಕೂ, ಪಕ್ಕದ ಒಣ ಹೊಲದಲ್ಲಿರುವ ಅದೇ ಬೆಳೆಯ ಇನ್ನೊಂದು ಗಿಡಕ್ಕೂ, ಹೆಚ್ಚು ಕಡಿಮೆ ಅಷ್ಟೇ ಎಲೆಗಳಿರುವ ಕೊಂಬೆ ಆರಿಸಿ, ಒಳಗೆ ಒಣಗಿರುವ ಪಾರದರ್ಶಕ ಪ್ಲಾಸ್ಟಿಕ್ ಚೀಲ ಕಟ್ಟಿರಿ. ಅರ್ಧ ಗಂಟೆಯಲ್ಲಿ ಒಂದರ ಒಳಮೈ ಹನಿಗಟ್ಟಿ ನೀರು ಇಳಿಯುತ್ತಿರುತ್ತದೆ. ಇನ್ನೊಂದರಲ್ಲಿ ತೆಳ್ಳನೆಯ ಮಂಜು ಮಾತ್ರ. ಎರಡೂ ಚೀಲಗಳನ್ನು ಸೇರಿದವರ ಕೈಗೆ ಕೊಟ್ಟು ನೋಡಲು ಹೇಳಿ. ಬಿಸಿಲಿನಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊತ್ತು ಚೀಲವನ್ನು ಗಿಡದ ಮೇಲೆ ಬಿಡಬೇಡಿ. ಒಳಗಿನ ಎಲೆ ಬೆಂದುಹೋಗುತ್ತದೆ.